ಕೊಲ್ಲಿಯಾಚೆಯ ನಾಲ್ಕನೇ ದೀಪ

ಆ ಊರಿಗೆ ನಾನು ಹೋಗಿಲ್ಲ. ಹೋಗುವ ಯೋಗವೂ ಇದ್ದಂತಿಲ್ಲ. ಆದರೂ ಕಣ್ಣು ಮುಚ್ಚಿದರೆ ಮೈಸೂರಿನ ನಮ್ಮ ಬೀದಿಗಿಂತ ಅದೇ ಮೊದಲು ಬಂದು ನಿಲ್ಲುತ್ತದೆ. ನಾರ್ವೆ ದೇಶದ ಉತ್ತರದ ತುದಿಯಲ್ಲಿ ಒಂದು ಕೊಲ್ಲಿ. ಕೊಲ್ಲಿಯ ಈಚೆ ದಡದಲ್ಲಿ ಗಿಡ್ಡನೆಯ ರನ್‌ವೇ, ಆಚೆ ದಡದಲ್ಲಿ ಗುಡ್ಡ, ಗುಡ್ಡದ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರೋ ಬಾಗಿಲು ಓರೆ ಮಾಡಿ ನೋಡಿ ಮತ್ತೆ ಮುಚ್ಚಿಕೊಂಡ ಹಾಗೆ ಆಕಾಶ ಒಂದಿಷ್ಟು ನೀಲಿಯಾಗಿ ಪುನಃ ಕಪ್ಪಾಗುತ್ತದೆ. ಇದನ್ನೆಲ್ಲ ನಾನು ನೋಡಿದ್ದು ಜಪಾನಿನ ಕಾವಾಸಾಕಿಯ ಆಫೀಸೊಂದರಲ್ಲಿ, ಹೀಟರಿನ ಪಕ್ಕ ಕೂತು, ಬೀದಿಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಕಾಫಿ ಕುಡಿಯುತ್ತಾ.

ಈ ಕೆಲಸ ಏನೆಂದು ವಿವರಿಸುವಷ್ಟರಲ್ಲಿ ನನಗೇ ಸಾಕಾಗಿಹೋಗುತ್ತದೆ. ನಾವಿರುವ ಎಡೋಗಾವಾದಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದರೆ, ಬ್ಯಾಂಕಿಂಗ್ ಪ್ರಾಜೆಕ್ಟಾ ಇನ್ಶೂರೆನ್ಸಾ ಎಂದು ವಿಚಾರಿಸುತ್ತಾರೆ. ಆರ್ಕ್ಟಿಕ್ ಕಡೆಯ ಒಂದು ಏರ್‌ಪೋರ್ಟಿನ ಹವಾಮಾನ ನೋಡುತ್ತೇನೆ ಎಂದರೆ, ಪಾಪ ಇವಳಿಗೆ ಬೇರೇನೂ ಸಿಗಲಿಲ್ಲವೇನೋ ಎನ್ನುವ ಮುಖ ಮಾಡಿ ಇನ್ನೊಂದು ಪೂರಿ ಬಡಿಸುತ್ತಾರೆ. ಪೂರಿ ಬೇಡವೆನ್ನುವ ಪೈಕಿ ನಾನಲ್ಲ, ಹಾಗಾಗಿ ಮುಂದೆ ವಿವರಿಸುವ ಗೋಜಿಗೆ ಹೋಗುವುದಿಲ್ಲ.

ಇಲ್ಲಿ ಮಾತ್ರ ವಿವರಿಸಲೇಬೇಕು. ಪೈಲಟ್‌ಗಳಿಗೆ ಇಳಿಯುವ ಜಾಗದಲ್ಲಿ ಎಷ್ಟು ದೂರದವರೆಗೆ ಕಣ್ಣು ಹಾಯುತ್ತದೆ ಎನ್ನುವುದು ಗೊತ್ತಿರಬೇಕು. ಅದನ್ನು ತಿಳಿಯುವ ಹಳೆಯ ದಾರಿ ಬಹಳ ಸರಳ. ಒಬ್ಬರು ಹೊರಗೆ ಬಂದು ನಿಂತು, ದೂರ ಗೊತ್ತಿರುವ ಗುರುತುಗಳನ್ನು ನೋಡುತ್ತಾರೆ. ಆ ಬಂಡೆ ಕಾಣುತ್ತಿದೆಯೇ, ಆ ಕಂಬ ಕಾಣುತ್ತಿದೆಯೇ. ಕತ್ತಲಾದರೆ ದೀಪಗಳೇ ಗುರುತು. ಹತ್ತಿರದ್ದು ಕಂಡು ದೂರದ್ದು ಕಾಣದಿದ್ದರೆ ಮಂಜೋ ಹಿಮವೋ ನಡುವೆ ಎಲ್ಲಿಗೆ ಬಂದು ಕೂತಿದೆ ಎಂದು ತಿಳಿಯುತ್ತದೆ. ಆ ಊರಿನಲ್ಲಿ ಟವರಿಗೂ ಕೊಲ್ಲಿಗೂ ನಡುವೆ ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡು ಅಡ್ಡ ಇತ್ತು. ವಿಮಾನ ಬರುವುದು ಕೊಲ್ಲಿಯ ಕಡೆಯಿಂದಲೇ. ಆದ್ದರಿಂದ ಪ್ರತಿ ಸಲವೂ ಯಾರಾದರೂ ಚಳಿಯಲ್ಲಿ ಶೆಡ್ಡು ಬಳಸಿಕೊಂಡು ಹೋಗಿ ನೋಡಿ ಬರಬೇಕಿತ್ತು. ಆ ಕಡೆಗೆ ಒಂದು ಕ್ಯಾಮೆರಾ ನಿಲ್ಲಿಸಿ, ಅದರ ಚಿತ್ರದಿಂದಲೇ ದೂರ ಹೇಳುವ ಸಾಫ್ಟ್‌ವೇರನ್ನು ನಮ್ಮ ಕಂಪನಿ ಮಾಡಿತ್ತು, ಆ ಚಳಿಗಾಲದಿಂದ ಅದರ ಅಂಕಿಯೂ ಪೈಲಟ್‌ಗಳಿಗೆ ಹೋಗುತ್ತಿತ್ತು.

ಗುರುತಿಗೆ ಯಾವ ದೀಪಗಳು ಎನ್ನುವುದನ್ನು ಸಾಫ್ಟ್‌ವೇರೇ ಆರಿಸಿಕೊಂಡಿತ್ತು. ಶರತ್ಕಾಲವಿಡೀ ತೆಗೆದ ಚಿತ್ರಗಳನ್ನು ಅದಕ್ಕೆ ತಿನ್ನಿಸಿದ್ದೆವು. ಹಗಲೂ ರಾತ್ರಿ ಒಂದೇ ಸಮನೆ ಉರಿಯುವ ನಾಲ್ಕು ದೀಪಗಳನ್ನು ಅದು ಹೆಕ್ಕಿ ಕೊಟ್ಟಿತು. ಅವಕ್ಕೆ ಬರೀ ಅಂಕಿ ಇದ್ದದ್ದು ನನಗೆ ಸಹಿಸಲಾಗಲಿಲ್ಲ. ರನ್‌ವೇ ಅಂಚಿನದಕ್ಕೆ ಹೊಸ್ತಿಲು ಎಂದು ಹೆಸರಿಟ್ಟೆ. ದೋಣಿ ಕಟ್ಟುವಲ್ಲಿದ್ದದ್ದು ಕಟ್ಟೆ. ಆಚೆ ದಡದ ಚರ್ಚಿನದು ಗುಡಿ. ಅದಕ್ಕೂ ಹಿಂದೆ, ಗುಡ್ಡದ ಬುಡದಲ್ಲಿ ಹಳದಿಯಾಗಿ ಒಂದು ಚುಕ್ಕೆ ಇತ್ತು. ಬಂದರಿನವರು ಹಾಕಿದ ದೀಪವಿರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು. ಒಂದು ದಿನವೂ ತಪ್ಪದೆ ಇರುತ್ತಿದ್ದುದರಿಂದ ಅದು ನಂದಾದೀಪ. ಇನ್ನೂ ಮೇಲೆ, ಗುಡ್ಡದ ನೆತ್ತಿಯ ಕಂಬದ ಮೇಲೆ ಕೆಂಪು ದೀಪವೊಂದು ಮಿಣುಕುತ್ತಿತ್ತು. ಒಂದು ಚಿತ್ರದಲ್ಲಿದ್ದು ಇನ್ನೊಂದರಲ್ಲಿ ಇರದ ಅದನ್ನು ಸಾಫ್ಟ್‌ವೇರ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಮಾತ್ರ ಕೆಂಪಮ್ಮ ಎಂದು ಕರೆದೆ.

"ಏನೇ ಇದು, ಲೈಟ್‌ಗೆಲ್ಲ ನಾಮಕರಣ ಮಾಡ್ತಾ ಕೂತಿದೀಯ? ಸಂಬಳ ಕೊಡೋದು ಇದಕ್ಕೇನಾ?" ಎಂದು ನನ್ನ ಗಂಡ ರೇಗಿಸುತ್ತಿದ್ದ. ಅವನದು ಇನ್ಶೂರೆನ್ಸ್ ಪ್ರಾಜೆಕ್ಟು. ಹೆಸರಿಡುವಂಥದ್ದು ಅಲ್ಲೇನೂ ಇರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಕಾಚೋ ಎಂದೇ ಕರೆಯುತ್ತಾರೆ, ಅದು ಅವರ ಹುದ್ದೆ. ಅವರು ಮೊದಲು ರೈಲ್ವೆಯ ಕೆಲಸ ಮಾಡುತ್ತಿದ್ದವರು. ಇಲ್ಲಿ ರೈಲು ಓಡಿಸುವವರು ಸಿಗ್ನಲ್ಲಿನ ಕಡೆಗೆ ಕೈ ಚಾಚಿ, ಬೆರಳಿಟ್ಟು ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿ "ಯೋಷಿ" ಎನ್ನುತ್ತಾರೆ, ಸರಿಯಿದೆ ಎಂದು. ಕಣ್ಣು ನೋಡಿದ್ದನ್ನು ಕೈಯೂ ಬಾಯಿಯೂ ಒಪ್ಪಿಕೊಂಡರೆ ಮನಸ್ಸು ಬೇರೆ ಕಡೆ ಹೋಗುವುದಿಲ್ಲವಂತೆ. ಬೆಳಗ್ಗೆ ಬಂದ ಕೂಡಲೇ ಒಮ್ಮೆ, ಸಂಜೆ ಒಮ್ಮೆ, ಕಂಪ್ಯೂಟರ್ ಕೊಟ್ಟ ಅಂಕಿ ನೋಡುವ ಮೊದಲು ನಾವೂ ಹಾಗೆಯೇ ದೀಪಗಳನ್ನು ಕೂಗಬೇಕೆಂದು ಕಾಚೋ ಕಟ್ಟಪ್ಪಣೆ ಮಾಡಿದರು. ಲೆಕ್ಕಕ್ಕಿಲ್ಲದ ಕೆಂಪು ದೀಪವನ್ನೂ ಸೇರಿಸಿ. ಯಂತ್ರವೇ ನೋಡುತ್ತಿರುವಾಗ ನಮಗೇಕೆ ಈ ಕವಾಯತು ಎಂದು ನಾನು ಜಗಳಕ್ಕೇ ಹೋದೆ. ಅವರು ಕೊನೆಯವರೆಗೂ ತಲೆದೂಗುತ್ತಾ ಕೇಳಿದರು. ಮರುದಿನ ನೋಡಿದರೆ ನಾನು ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ಹಳದಿ ಟೇಪು ಅಂಟಿಸಿದ್ದರು.

ಹಟಕ್ಕೆ ಕನ್ನಡದಲ್ಲೇ ಕೂಗತೊಡಗಿದೆ. ಹೊಸ್ತಿಲು, ಇದೆ. ಕಟ್ಟೆ, ಇದೆ. ಅದಕ್ಕೆ ಅವರ ತಕರಾರಿರಲಿಲ್ಲ. ತಕರಾರು ಬಂದದ್ದು ನನ್ನ ಬೆರಳಿಗೆ. ಚಿಕ್ಕಂದಿನಲ್ಲಿ ನಮ್ಮ ಹಿತ್ತಲಿನ ಕುಂಬಳದ ಹೀಚಿಗೆ ಬೆರಳು ನೀಡಿ ತೋರಿಸಿದರೆ ಅಜ್ಜಿ ಕೈಮೇಲೆ ಪಟ್ಟನೆ ಹೊಡೆಯುತ್ತಿದ್ದರು. ಎಳೆಯದ್ದಕ್ಕೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆ, ತೋರಿಸಲೇಬೇಕಾದರೆ ಬೆರಳು ಮಡಚಿ ತೋರಿಸು ಎನ್ನುತ್ತಿದ್ದರು. ಆ ಅಭ್ಯಾಸ ಕೈಯಲ್ಲೇ ಉಳಿದುಬಿಟ್ಟಿತ್ತು. ಮಡಚಿದ ಬೆರಳು ಸಲ್ಲದು ಎಂದರು ಕಾಚೋ. ನಾನು ಕಾರಣ ಹೇಳಿದೆ. ಅವರು ಯೋಚಿಸಿ, ದೀಪ ಎಳೆಯದಲ್ಲವಲ್ಲ ಎಂದರು. ನಾನು ಬೆರಳು ನೆಟ್ಟಗೆ ಮಾಡಿದೆ.

ಕ್ರಮೇಣ ಅದೇ ನನ್ನ ದಿನದ ಸುಖವಾಯಿತು. ಎಡೋಗಾವಾದಿಂದ ಕಾವಾಸಾಕಿಗೆ ಬರುವ ರೈಲಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತು ತೂಕಡಿಸುವಾಗ ಕಣ್ಣೊಳಗೆ ಹಿಮ ಬೀಳುತ್ತಿತ್ತು. ಯಾವುದೋ ಸ್ಟೇಷನ್ನಿನಲ್ಲಿ ಬಾಗಿಲು ತೆರೆದಾಗ ಬರುವ ತಣ್ಣನೆ ಗಾಳಿ ಆ ಕೊಲ್ಲಿಯದೇ ಇರಬೇಕೆನ್ನಿಸುತ್ತಿತ್ತು. ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಎಲ್ಲ ತಿಳಿಯುತ್ತದೆ, ಜವಾಬು ಮಾತ್ರ ಜಪಾನಿಯಲ್ಲಿ. ಮಲಗುವಾಗ ಅವಳಿಗೆ ನಾನು ಆ ದೀಪಗಳ ಸುದ್ದಿ ಹೇಳುತ್ತಿದ್ದೆ. ಇವತ್ತು ಕೆಂಪಮ್ಮ ಮೋಡದೊಳಗೆ ಅಡಗಿದ್ದಳು, ಗುಡಿಯ ಮುಂದೆ ಹಿಮದ ಗಾಡಿ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡೇ ಹೊದಿಕೆಯಿಂದ ಕೈ ಹೊರಗೆ ತೆಗೆದು, ಛಾವಣಿಯ ಕಡೆ ತೋರಿಸಿ, ನಂದಾದೀಪ ಯೋಷಿ ಎಂದು ನಿದ್ದೆಹೋಗುತ್ತಿದ್ದಳು.

ಆ ಊರಿನ ಒಬ್ಬಳ ಪರಿಚಯ ಮಾತ್ರ ನನಗಿತ್ತು. ಏರ್‌ಪೋರ್ಟಿನಲ್ಲಿ ಹೊರಗೆ ಹೋಗಿ ನೋಡಿ ಬರುವ ಕೆಲಸ ಅವಳದು. ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಅವಳು ತನ್ನ ಕಣ್ಣಿಗೆ ಕಂಡ ದೂರಗಳನ್ನು ಹೇಳುತ್ತಿದ್ದಳು, ನಾನು ನಮ್ಮ ಅಂಕಿಗಳನ್ನು ಹೇಳುತ್ತಿದ್ದೆ, ಇಬ್ಬರೂ ತಾಳೆ ನೋಡುತ್ತಿದ್ದೆವು. ಹೆಚ್ಚು ಮಾತಿನವಳಲ್ಲ. ನಮಗೆ ಸಂಜೆಯಾದಾಗ ಅವಳಿಗೆ ಬೆಳಗು, ಹಾಗಾಗಿ ಕೆನ್ನೆ ಕೆಂಪಗಾಗಿಸಿಕೊಂಡು, ಟೋಪಿಯ ಮೇಲಿನ ಹಿಮ ಕೊಡವುತ್ತಾ ಬಂದು ಕೂರುತ್ತಿದ್ದಳು. ಒಂದು ವಾರ ಅವಳ ಕೋಟಿನ ಗುಂಡಿ ಹಾಕಿರಲಿಲ್ಲ. ಹಾಕಲು ಬರುವಂತಿರಲಿಲ್ಲ. ನನಗೆ ಆಗಲೇ ಗೊತ್ತಾಯಿತು, ಆದರೆ ಕೇಳುವುದು ಹೇಗೆಂದು ತಿಳಿಯದೆ ಅಂಕಿ ಓದತೊಡಗಿದೆ. ಅವಳೇ ನಕ್ಕು, ಹೌದು ಎಂದಳು.

ಆ ಊರಿನಲ್ಲಿ ಹೆರಿಗೆ ಮಾಡಿಸುವವರಿಲ್ಲ. ಬಸುರಿಯರು ದಿನ ತುಂಬುವ ಮೊದಲೇ ವಿಮಾನದಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಕಾಯಬೇಕು. ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹಿಂದೊಮ್ಮೆ ಅವಳಿಗೆ ಮಗು ಉಳಿದಿರಲಿಲ್ಲ. ಅದನ್ನು ಅವಳು ಹವಾಮಾನ ಹೇಳುವ ದನಿಯಲ್ಲೇ ಹೇಳಿದಳು. ಈ ಸಲ ಸ್ವಲ್ಪವೂ ತಡ ಮಾಡಬಾರದೆಂದು ಡಾಕ್ಟರು ಹೇಳಿದ್ದರು. ಮಾರನೆಯ ವಾರ ಹೊರಡುವವಳಿದ್ದಳು. ಬದಲಿ ಕೆಲಸದವನು ಅದೇ ವಿಮಾನದಲ್ಲಿ ಬಂದಿಳಿಯುವುದು, ಅದರಲ್ಲೇ ಅವಳು ಹತ್ತುವುದು ಎಂದು ಏರ್ಪಾಡಾಗಿತ್ತು. ಆ ರಾತ್ರಿ ನನ್ನ ಮಗಳು ಹುಟ್ಟಿದ ದಿನ ನೆನಪಾಯಿತು. ಆಸ್ಪತ್ರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿತ್ತು, ಆದರೂ ನಾನು ದಾರಿಯುದ್ದಕ್ಕೂ ಗಂಡನಿಗೆ ಬೈದಿದ್ದೆ.

ಮಾರನೆಯ ವಾರ ಬಿರುಗಾಳಿ ಬಂತು. ನಮ್ಮ ತೆರೆಯ ಮೇಲೆ ಹಿಮವಲ್ಲದೆ ಬೇರೇನೂ ಇಲ್ಲ. ಹೊಸ್ತಿಲು ಕೂಡ ಒಮ್ಮೆ ಮೂಡಿ ಒಮ್ಮೆ ಮಾಯವಾಗುತ್ತಿತ್ತು. ವಿಮಾನ ಒಂದು ಸಲ ಅರ್ಧ ದಾರಿ ಬಂದು ತಿರುಗಿಹೋಯಿತು. ಇನ್ನೊಂದು ದಿನ ಏಳಲೇ ಇಲ್ಲ. ನಾನು ಟೇಪಿನ ಮೇಲೆ ನಿಂತು, ಇಲ್ಲ, ಇಲ್ಲ ಎನ್ನುತ್ತಾ ದಿನ ಕಳೆದೆ. ಕಿಟಕಿಯಾಚೆ ಕಾವಾಸಾಕಿಯ ಚಳಿಗಾಲದ ಬಿಸಿಲು ಹೊಡೆಯುತ್ತಿತ್ತು, ಕಾರ್ಖಾನೆಗಳ ಚಿಮಣಿಗಳ ಹಿಂದೆ ಫುಜಿ ಪರ್ವತ ಸ್ವಚ್ಛವಾಗಿ ನಿಂತಿತ್ತು. ಅಷ್ಟು ಚೆಂದದ ಹವೆ ಇಲ್ಲಿ ದಂಡವಾಗುತ್ತಿದೆಯಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಒಂದು ಸಂಜೆ, ಎರಡು ಬಿರುಗಾಳಿಗಳ ನಡುವೆ, ಹಿಮ ನಿಂತಿತು. ಚಿತ್ರ ಮೆಲ್ಲಗೆ ತಿಳಿಯಾಯಿತು. ಕೊಲ್ಲಿಯ ನೀರು ಕಪ್ಪಗೆ, ಅಲುಗಾಡದೆ ಮಲಗಿತ್ತು. ಈ ಬಿಡುವು ಹೆಚ್ಚು ಹೊತ್ತಿನದಲ್ಲ, ಪಶ್ಚಿಮದಿಂದ ಇನ್ನೊಂದು ಬರುತ್ತಿದೆ ಎಂದು ನಕ್ಷೆಯಲ್ಲಿ ಕಾಣುತ್ತಿತ್ತು. ದೊಡ್ಡ ಊರಿನಲ್ಲಿ ಪೈಲಟ್ ವಿಮಾನ ಸಿದ್ಧ ಮಾಡಿಕೊಂಡು ಕೂತಿದ್ದ. ಇಲ್ಲಿ ನಮ್ಮ ಪರದೆಯ ಮೇಲೆ ಅಂಕಿ ಬಂತು. ಇಳಿಯಲು ಬೇಕಾದ ಮಿತಿಗಿಂತ ಕಡಿಮೆ. ಟವರಿನಲ್ಲಿದ್ದಾತ ರನ್‌ವೇ ಚೆನ್ನಾಗಿದೆ ಎಂದೇ ಹೇಳುತ್ತಿದ್ದ, ಆದರೆ ಹೊರಗೆ ನೋಡಿ ಬರುತ್ತಿದ್ದವಳು ಆಗಲೇ ರಜೆಯ ಮೇಲಿದ್ದಳು, ರಜೆಯಲ್ಲಿದ್ದವರ ಲೆಕ್ಕ ಸಲ್ಲದು, ಒಬ್ಬನೇ ಇದ್ದವನು ರೇಡಿಯೋ ಬಿಟ್ಟು ಶೆಡ್ಡಿನಾಚೆ ಹೋಗಿ ನೋಡುವಂತಿರಲಿಲ್ಲ. ಎರಡು ಲೆಕ್ಕ ಬೇರೆಬೇರೆಯಾದರೆ ಕಡಿಮೆಯದನ್ನೇ ನಂಬಬೇಕು ಎನ್ನುವುದು ನಿಯಮ. ಒಳ್ಳೆಯ ನಿಯಮವೇ. ಅದರ ಪ್ರಕಾರ ವಿಮಾನ ಏಳುವಂತಿಲ್ಲ, ಅವಳು ಪೆಟ್ಟಿಗೆ ಇಟ್ಟುಕೊಂಡು ಟವರಿನ ಬೆಂಚಿನ ಮೇಲೆ ಕೂತಿರಬೇಕು.

ಕೂಗುವ ಹೊತ್ತಾಗಿತ್ತು. ನನ್ನ ಮನಸ್ಸು ಪೂರ್ತಿ ಆ ಬೆಂಚಿನ ಮೇಲಿತ್ತು. ಕಾಚೋ ಕೆಮ್ಮಿದರು. ಟೇಪಿನ ಮೇಲೆ ನಿಂತು ಕೈ ಚಾಚಿದೆ. ಹೊಸ್ತಿಲು, ಇದೆ. ಕಟ್ಟೆ, ಇದೆ. ಗುಡಿ, ಇದೆ. ನಂದಾದೀಪ, ಇಲ್ಲ. ಕೆಂಪಮ್ಮ, ಇದೆ.

ಕೈ ಹಾಗೆಯೇ ನಿಂತಿತು. ಕೆಂಪಮ್ಮ ಗುಡ್ಡದ ನೆತ್ತಿಯಲ್ಲಿರುವವಳು. ಅಷ್ಟು ದೂರದವಳು ಕಾಣುತ್ತಿರುವಾಗ ಅವಳ ಕಾಲಬುಡದ ದೀಪವನ್ನು ಮುಚ್ಚುವ ಮಂಜು ಯಾವುದು? ನಾನು ಇನ್ನೊಮ್ಮೆ ಮೊದಲಿನಿಂದ ಕೂಗಿದೆ. ಅದೇ ಬಂತು. ಮಂಜು ಇರಲೇ ಇಲ್ಲ. ದೀಪವೇ ಇರಲಿಲ್ಲ. ದೀಪ ಆರಿದೆ ಎಂದು ಕನ್ನಡದಲ್ಲಾದರೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ, ಅದೂ ಬಸುರಿಯೊಬ್ಬಳು ಪ್ರಯಾಣ ಹೊರಟಿರುವಾಗ. ನಮ್ಮ ಮನೆಯಲ್ಲಿ ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಜಪಾನಿಯಲ್ಲಿ ಹೇಳಿಬಿಟ್ಟೆ.

ಕಾಚೋ ಎದ್ದು ಬಂದರು. ನನ್ನ ಪಕ್ಕ ನಿಂತು, ತಾವೂ ಕೈ ಚಾಚಿ, ಐದೂ ದೀಪಗಳನ್ನು ಒಂದೊಂದಾಗಿ ತೋರಿಸಿದರು. ಆಮೇಲೆ ಟೆಲಿಫೋನು ನನ್ನ ಕಡೆ ಸರಿಸಿದರು.

ಟವರಿನಾತನಿಗೆ ಹೇಳಿದೆ, ಚರ್ಚಿನ ಬಲಕ್ಕೆ, ಗುಡ್ಡದ ಬುಡದಲ್ಲಿ ಒಂದು ಹಳದಿ ದೀಪ ಇರುತ್ತಿತ್ತು, ಬಂದರಿನದಿರಬೇಕು, ಅದು ಕೆಟ್ಟಿದೆಯೇ ನೋಡಿ ಎಂದು. ಅಲ್ಲಿ ಬಂದರಿನ ದೀಪವಿಲ್ಲ ಎಂದ ಆತ. ಫೋನನ್ನು ಸ್ಪೀಕರಿಗೆ ಹಾಕಿ, ಹಿಂದೆ ತಿರುಗಿ ಬೆಂಚಿನ ಮೇಲಿದ್ದವಳನ್ನು ಕೇಳಿದ.

"ಅದು ನಮ್ಮ ಅಡುಗೆಮನೆ ಕಿಟಕಿ," ಎಂದಳು ಅವಳು. "ಬೆಳಗ್ಗೆ ಬೀಗ ಹಾಕುವಾಗ ನಾನೇ ಆರಿಸಿ ಬಂದೆ."

ಕತ್ತಲ ಕಾಲದಲ್ಲಿ ಅವರು ಕಿಟಕಿಯಲ್ಲಿ ದೀಪ ಇಡುತ್ತಾರೆ, ಯಾರೂ ಆರಿಸುವುದಿಲ್ಲ, ಪರದೆ ಎಳೆಯುವುದಿಲ್ಲ. ನಾವು ಅಷ್ಟು ಜನ ಓದಿದವರು ಕೂಡಿ, ಒಬ್ಬಳ ಅಡುಗೆಮನೆಯ ದೀಪ ನಂಬಿಕೊಂಡು ವಿಮಾನ ಇಳಿಸಲು ಹೊರಟಿದ್ದೆವು. ಇನ್ನೊಂದು ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನನ್ನ ಮಾತು ಕೇಳಿದರೂ ಲೆಕ್ಕ ಬದಲಾಗಬೇಕಲ್ಲ, ಪೈಲಟ್‌ಗೆ ಕಾಣುವುದು ಅಂಕಿಯೇ. ಅವಳು ಆಚೆ ದಡದ ನೆರೆಯಾಕೆಗೆ ಫೋನ್ ಮಾಡಿದಳು. ಬೀಗದ ಕೈ ಆಕೆಯ ಬಳಿಯೇ ಇತ್ತು. ನಾವು ನಾಲ್ಕೈದು ಮಂದಿ ಪರದೆಯ ಮುಂದೆ ನಿಂತು ಕಾದೆವು. ಹಿಮದಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದಾಳೆ, ಮೆಟ್ಟಿಲು ಹತ್ತುತ್ತಿದ್ದಾಳೆ, ಬೂಟು ಕೊಡವುತ್ತಿದ್ದಾಳೆ ಎಂದು ನಾನು ಮನಸ್ಸಿನಲ್ಲೇ ಅವಳ ಜೊತೆ ಹೋದೆ. ಕ್ಯಾಮೆರಾದಲ್ಲಿ ಅದೇನೂ ಕಾಣುವಂತಿರಲಿಲ್ಲ. ಆಮೇಲೆ, ಗುಡ್ಡದ ಬುಡದ ಕಪ್ಪಿನಲ್ಲಿ, ಹಳದಿ ಚುಕ್ಕೆ ಮೂಡಿತು.

ಎಷ್ಟೋ ಸಾವಿರ ಮೈಲಿಯಾಚೆ ಯಾರೋ ಸ್ವಿಚ್ಚು ಒತ್ತಿದ್ದಕ್ಕೆ ಕಾವಾಸಾಕಿಯಲ್ಲಿ ನನ್ನ ಕಣ್ಣು ತುಂಬಿತು. ಅಂಕಿ ಮೇಲೆ ಹೋಯಿತು. ಕಾಚೋ ಮೆಲ್ಲಗೆ, ಯೋಷಿ ಎಂದರು.

ವಿಮಾನ ಬಂತು. ಮೊದಲು ಕೊಲ್ಲಿಯ ಮೇಲೆ ಎರಡು ಬಿಳಿ ಚುಕ್ಕೆ, ಆಮೇಲೆ ರೆಕ್ಕೆ, ಆಮೇಲೆ ಚಿತ್ರದ ಅಂಚಿನಾಚೆ. ಅದು ಮತ್ತೆ ಎದ್ದು ಹೋಗುವಾಗ ಆಗಲೇ ಹಿಮದ ಎಸಳುಗಳು ಕ್ಯಾಮೆರಾದ ಮುಂದೆ ಸುಳಿಯುತ್ತಿದ್ದವು. ಅದು ಹೋದ ಸ್ವಲ್ಪ ಹೊತ್ತಿಗೆ ಕೆಂಪಮ್ಮ ಅಳಿಸಿಹೋದಳು. ನಂತರ ನಂದಾದೀಪ. ನಂತರ ಗುಡಿ. ಬಿರುಗಾಳಿ ಕ್ರಮವಾಗಿ, ದೂರದಿಂದ ಹತ್ತಿರಕ್ಕೆ, ಒಂದೊಂದನ್ನೇ ತೆಗೆದುಕೊಂಡಿತು. ನಾನು ಕೊನೆಯ ರೈಲಿನವರೆಗೂ ಕೂರಬೇಕೆಂದಿದ್ದೆ. ಕಾಚೋ ನನ್ನ ಕೋಟು ತಂದು ಕೈಗೆ ಕೊಟ್ಟು ಮನೆಗೆ ಕಳಿಸಿದರು.

ಬಿರುಗಾಳಿ ಕಳೆದ ಮೇಲೆ ನೆರೆಯಾಕೆ ದೀಪ ಆರಿಸಿದ್ದಳು. ಆರಿಸುವುದು ಸರಿಯೇ, ಮನೆಯಲ್ಲಿ ಯಾರೂ ಇರಲಿಲ್ಲ. ನಾಲ್ಕನೇ ದೀಪವನ್ನು ಲೆಕ್ಕದಿಂದ ತೆಗೆದು, ಆ ಕಡೆ ಏರ್‌ಪೋರ್ಟಿನವರೇ ಹೊಸ ಕಂಬ ನೆಟ್ಟು ದೀಪ ಹಾಕಿದರು. ಕಾಚೋ ನಂದಾದೀಪವನ್ನು ಕೂಗುವ ಸಾಲಿನಿಂದಲೂ ತೆಗೆದರು. ಹೊಸ ದೀಪಕ್ಕೆ ನಾನು ಹೆಸರಿಡಲಿಲ್ಲ.

ಅವಳ ಸುದ್ದಿ ಬರಲಿಲ್ಲ. ಬದಲಿ ಬಂದವನು ಸಂಕೋಚದ ಹುಡುಗ. ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ. ಬೇಗ ಹೆರಿಗೆ ಆಯಿತಂತೆ, ಕಷ್ಟವಾಯಿತಂತೆ, ಇನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ ಎಂದ. ಮಗು ಎಂದೆ. ತನಗೆ ಗೊತ್ತಿಲ್ಲ ಎಂದ. ಆಮೇಲೆ ಅವನನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಮಗಳು ಮಲಗುವಾಗ ನಂದಾದೀಪ ಎಂದು ಕೇಳುತ್ತಿದ್ದಳು. ಇವತ್ತು ಹಿಮ ಜಾಸ್ತಿ ಕಣೇ, ಕಾಣಿಸ್ಲಿಲ್ಲ ಎನ್ನುತ್ತಿದ್ದೆ. ಆಕಾಶ ಶುಭ್ರವಾಗಿದ್ದ ದಿನವೂ ಹಾಗೆಯೇ ಹೇಳಿದೆ.

ಅಲ್ಲಿ ಸೂರ್ಯ ವಾಪಸು ಬಂದ. ಕೊಲ್ಲಿಯ ನೀರಿಗೆ ತೆಳುವಾದ ಗುಲಾಬಿ ಬಣ್ಣ ಬಂತು. ಇಲ್ಲಿ ಪ್ಲಮ್ ಹೂವು ಅರಳಿ, ಆಫೀಸಿನಲ್ಲಿ ಹೀಟರ್ ಕಡಿಮೆ ಮಾಡಿದರು. ದಿನಾ ಕೂಗುವುದು ಮುಗಿದ ಮೇಲೆ ನನ್ನ ಕಣ್ಣು ತಾನಾಗಿ ಚರ್ಚಿನ ಬಲಕ್ಕೆ ಹೋಗುತ್ತಿತ್ತು. ಅಲ್ಲಿ ಕಪ್ಪು. ಒಂದು ಹೊತ್ತಿನಲ್ಲಿ, ಆ ಊರು, ಆ ಕೊಲ್ಲಿ, ಅವಳು, ಎಲ್ಲ ರೈಲಿನ ತೂಕಡಿಕೆಯಲ್ಲಿ ನಾನೇ ಕಂಡದ್ದೇನೋ ಎನ್ನಿಸತೊಡಗಿತು.

ಒಂದು ಬೆಳಗ್ಗೆ ಬಂದು ಟೇಪಿನ ಮೇಲೆ ನಿಂತೆ. ನಮ್ಮ ಬೆಳಗು ಎಂದರೆ ಅವರ ನಡುರಾತ್ರಿ. ಊರು ಮಲಗಿತ್ತು. ಹೊಸ್ತಿಲು, ಕಟ್ಟೆ, ಗುಡಿ ಎಂದು ಕೂಗುತ್ತಾ ಹೋದವಳಿಗೆ ಬಲಗಡೆಯಲ್ಲಿ ಹಳದಿ ಚುಕ್ಕೆ ಕಂಡಿತು. ನೋಡುತ್ತಿದ್ದಂತೆ ಅದು ಆರಿತು. ಕಾಫಿ ತಣ್ಣಗಾಗುವವರೆಗೆ ನಿಂತೇ ಇದ್ದೆ. ಮತ್ತೆ ಹತ್ತಿತು. ಒಂದಿಷ್ಟು ಹೊತ್ತು ಉರಿದು ಮತ್ತೆ ಆರಿತು. ಮತ್ತೆ ಹತ್ತಿತು. ಹಿಂದೆ ಒಂದೇ ಸಮ ಇರುತ್ತಿದ್ದ ದೀಪಕ್ಕೆ ಈಗ ಹೊತ್ತಿಲ್ಲ ಗೊತ್ತಿಲ್ಲ. ಹವಾಮಾನದ ಲೆಕ್ಕಕ್ಕೆ ಅದು ಪೂರ್ತಿ ನಾಲಾಯಕ್ಕು. ಮಗಳಿಗೆ ತಿಂಗಳು ತುಂಬದಿದ್ದಾಗ ಎಡೋಗಾವಾದ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯೂ ರಾತ್ರಿಯಿಡೀ ಹೀಗೆಯೇ ಕಂಡಿರಬೇಕು.

ನಾನು ಕೈ ಚಾಚಿ, ಬೆರಳು ಮಡಚಿದೆ. ನಂದಾದೀಪ, ಇದೆ ಎಂದೆ.

ಹಿಂದಿನಿಂದ ಕಾಚೋ ಕೆಮ್ಮಿದರು. ಆ ದೀಪ ಈಗ ಸಾಲಿನಲ್ಲಿಲ್ಲವಲ್ಲ ಎಂದರು. ಬೆರಳೂ ಸರಿಯಿಲ್ಲ ಎಂದರು.

"ಸುಮಿಮಾಸೆನ್, ಕಾಚೋ," ಎಂದು ಕ್ಷಮೆ ಕೇಳಿದೆ, ಬೆರಳು ಬಿಡಿಸದೆ. "ಅಲ್ಲಿ ಎಳೆಯದೊಂದು ಇದೆ."